ಗ್ಯಾಲರಿಗೆ ಮಳಿನಳ ಕೂಡಿಸಿದ ಅಮೋಘಿ

ಇಟ್ಟಂಗಿಹಾಳದ ಅಮೋಘಿಗೆ ಕೇಳುವ ಚಟವಿತ್ತು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು. ಸಣ್ಣವನಿದ್ದಾಗ ಒಮ್ಮೆ ಅಪ್ಪನ ಸಂಗಡ ತೊರವಿ ಕಡೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಬಯಲಲ್ಲಿ ಅಲ್ಲೊಂದು ಇಲ್ಲೊಂದು ನಿಂತ ಬಾದಶಾಹಿ ಕಾಲದ ನೀರಿನ ಗೋಪುರಗಳನ್ನು ಕಂಡು ಅವನ ಕಾಲು ನಿಂತುಬಿಟ್ಟವು.

"ಯಪ್ಪಾ, ನೀರು ತಾನ ನೆಲದಾಗ ಹರದು ಬರತಾವ. ಅವನ್ನ ಇಷ್ಟ ಮ್ಯಾಲ ಏರಿಸಿ ಮತ್ತ ಕೆಳಗ ಇಳಿಸೂದು ಯಾಕ?"

"ಕಟ್ಟಿಸಿದವನ್ನ ಕೇಳ ಹೋಗು" ಎಂದು ಅಪ್ಪ ಕುರಿಗಳ ಹಿಂದೆ ನಡೆದುಬಿಟ್ಟ.

ಉತ್ತರ ಸಿಕ್ಕಿದ್ದು ಸೊಲ್ಲಾಪುರದಲ್ಲಿ. ಹದಿನೆಂಟು ತುಂಬಿದಾಗ ಸೋದರಮಾವನೊಬ್ಬ ಅಮೋಘಿಯನ್ನು ಅಲ್ಲಿಯ ಒಂದು ಅರಿವೆ ಗಿರಣಿಗೆ ಸೇರಿಸಿದ. ನೀರಿನ ಪೈಪುಗಳನ್ನು ನೋಡಿಕೊಳ್ಳುವ ಭಾಗಪ್ಪ ಎಂಬ ಹಿರಿಯ ಫಿಟ್ಟರನ ಕೈಕೆಳಗೆ ಕೆಲಸ. ನೀರನ್ನು ಎಷ್ಟು ಎತ್ತರದಲ್ಲಿಟ್ಟರೆ ಅಷ್ಟು ಜೋರಾಗಿ ಅದು ಕೆಳಗೆ ನುಗ್ಗುತ್ತದೆ, ದಾರಿಯಲ್ಲಿ ಒಂದು ಗೋಪುರವಿದ್ದರೆ ಪೈಪು ಒಡೆಯದಂತೆ ಆ ಜೋರನ್ನು ತಗ್ಗಿಸಬಹುದು ಎಂದು ಭಾಗಪ್ಪ ತಿಳಿಸಿದ. ಇಷ್ಟು ಸಣ್ಣ ಮಾತು ತಿಳಿಯಲು ಹತ್ತು ವರ್ಷ ಬೇಕಾಯಿತಲ್ಲ ಎಂದು ಅಮೋಘಿಗೆ ಅವತ್ತು ಸಂತೋಷವೂ ಆಯಿತು, ಸಿಟ್ಟೂ ಬಂತು.

ಅದೇ ಗಿರಣಿಯ ಹತ್ತಿ ಹಿಂಜುವ ಖಾತೆಯಲ್ಲಿ, ಅಂದರೆ ಆ ವಿಭಾಗದಲ್ಲಿ, ಅವನು ತನ್ನ ಬಾಳಿನ ದೊಡ್ಡ ಸೋಜಿಗವನ್ನು ಕಂಡದ್ದು. ಮಾಡಿನ ಕೆಳಗೆ ಪೈಪುಗಳು ಸಾಲಾಗಿ ಹರಿದಿದ್ದವು. ಅವುಗಳಿಗೆ ಹತ್ತು ಅಡಿಗೊಂದರಂತೆ ಹಿತ್ತಾಳೆಯ ಸಣ್ಣ ಮೂತಿಗಳು. ಒಂದು ಮಧ್ಯಾಹ್ನ ಯಂತ್ರದ ಕಿಡಿ ಹಾರಿ ಹತ್ತಿ ಧಗ್ ಎಂದಿತು. ಜನ ಚೀರುತ್ತ ಬಾಗಿಲಿಗೆ ಓಡಿದರು. ಓಡುವವರ ನಡುವೆ ಅಮೋಘಿ ತಿರುಗಿ ನೋಡಿದ. ಬೆಂಕಿಯ ನೆತ್ತಿಯ ಮೇಲಿದ್ದ ಎರಡೇ ಮೂತಿಗಳು ತಾವಾಗಿ ಬಾಯಿ ತೆರೆದು ಮಳೆ ಸುರಿಸುತ್ತಿದ್ದವು. ಮಿಕ್ಕವು ಸುಮ್ಮನಿದ್ದವು. ಯಾರೂ ನಳ ತಿರುವಿರಲಿಲ್ಲ, ಯಾರೂ ಗುಂಡಿ ಒತ್ತಿರಲಿಲ್ಲ. ಅವನು ನೋಡುವ ಹೊತ್ತಿಗೆ ಅವು ಆಗಲೇ ತೆರೆದಿದ್ದವು ಎಂಬುದೊಂದು ಕೊರಗು ಮಾತ್ರ ಉಳಿಯಿತು. ತೆರೆಯುವ ಗಳಿಗೆ ಹೇಗಿರುತ್ತದೆ?

ಗಿರಣಿಯವರು ಅದಕ್ಕೆ ಸ್ಪ್ರಿಂಕ್ಲರ್ ಅನ್ನುತ್ತಿದ್ದರು. ಮಳೆ ಸುರಿಸುವ ನಳವೆಂದು ಅಮೋಘಿ ಮಳಿನಳ ಅಂದ. ಹಳೆಯದೊಂದನ್ನು ಭಾಗಪ್ಪನಿಂದ ಕಾಡಿ ಪಡೆದು ತಿರುವಿ ಮುರುವಿ ನೋಡಿದ. ನೀರಿನ ಬಾಯಿಗೆ ಒಂದು ಬಿರಡೆ. ಬಿರಡೆಯನ್ನು ಒತ್ತಿ ಹಿಡಿದ ಎರಡು ಲೋಹದ ಎಲೆಗಳು. ಎಲೆಗಳ ನಡುವೆ ತೆಳ್ಳಗಿನ ಬೆಸುಗೆ. ಕಾವಿಗೆ ಆ ಬೆಸುಗೆ ಕರಗಿದರೆ ಎಲೆಗಳು ಕಳಚುತ್ತವೆ, ಬಿರಡೆ ಹಾರುತ್ತದೆ, ನೀರು ಬರುತ್ತದೆ. ಎಷ್ಟು ಕಾವಿಗೆ? ನೋಡಿಯೇ ಬಿಡೋಣವೆಂದು ಅದನ್ನು ಕ್ಯಾಂಟೀನಿನ ಕುದಿಯುವ ಚಹಾದ ಪಾತೇಲಿಯಲ್ಲಿ ಇಳಿಬಿಟ್ಟ. ಎಲೆಗಳು ಕಳಚಿ ಚಹಾದ ತಳ ಸೇರಿದವು. ಕ್ಯಾಂಟೀನಿನವನು ಅವನನ್ನು ಗಿರಣಿಯ ಗೇಟಿನ ತನಕ ಬೆನ್ನಟ್ಟಿದ.

ಹತ್ತು ವರ್ಷಕ್ಕೆ ಗಿರಣಿ ಮುಚ್ಚಿತು. ಅಮೋಘಿ ಹೆಂಡತಿ ತಾಯವ್ವನ ಸಂಗಡ ವಿಜಾಪುರಕ್ಕೆ ಬಂದು ನಳದ ಮಿಸ್ತ್ರಿಯಾದ. ಎಪ್ಪತ್ತೆರಡು ಎಪ್ಪತ್ಮೂರರ ಮಾತು. ಸ್ಟೇಶನ್ ರಸ್ತೆಯ ಹಿಂದುಗಡೆ ಹಣಮಂತರಾಯರದೊಂದು ಮಾಳಿಗೆ ಕಟ್ಟಡವಿತ್ತು. ಕೆಳಗೆ ದೊಡ್ಡ ಗೋದಾಮು, ಮೇಲೆ ಸಾಲಾಗಿ ಆರು ಮನೆ. ಆ ಆರೂ ಮನೆಗಳ ಮುಂದೆ ಉದ್ದಕ್ಕೆ ಸಾಗವಾನಿ ಕಟ್ಟಿಗೆಯ ಗ್ಯಾಲರಿ, ಅದರ ಮೇಲೆ ತಗಡಿನ ಮಾಡು. ಕೊನೆಯ ಮನೆ ಅಮೋಘಿಗೆ ಬಾಡಿಗೆಗೆ ಸಿಕ್ಕಿತು.

ಹೆಸರಿಗೆ ಅದು ಗ್ಯಾಲರಿ. ಆರು ಮನೆಯ ಅಡಿಗೆ ನಡೆಯುತ್ತಿದ್ದುದು ಅಲ್ಲಿಯೇ. ಒಳಗೆ ಹೊಗೆ ಹೋಗಲು ದಾರಿಯಿಲ್ಲವೆಂದು ಒಲೆ, ಸ್ಟೋ ಎಲ್ಲ ಹೊರಗೆ. ಅಂಚಿನ ಕಠಡದ ಬುಡಕ್ಕೆ ಹತ್ತಿಗಿಡದ ಕಟ್ಟಿಗೆ, ಕುಳ್ಳು, ಚಿಮಣಿ ಎಣ್ಣೆಯ ಡಬ್ಬಿ. ಮೇಲೆ ಹಗ್ಗದ ತುಂಬ ಅರಿವೆ, ಕೌದಿ. ನಡುಮನೆಯ ಆಶಾಬಿ ಗಂಡ ತೀರಿಕೊಂಡ ಮೇಲೆ ಹೊಲಿಗೆಯಿಂದ ಸಂಸಾರ ನಡೆಸುವವಳು. ಬೆಳಕಿಗೆಂದು ಅವಳ ಹೊಲಿಗೆ ಯಂತ್ರವೂ ಗ್ಯಾಲರಿಯಲ್ಲೇ. ಅಮೋಘಿ ಬಂದ ದಿನವೇ ಇದನ್ನೆಲ್ಲ ನೋಡಿ, ತಲೆಯೆತ್ತಿ ತಗಡನ್ನು ನೋಡಿ, ಹೆಂಡತಿಗೆ, "ಇಲ್ಲಿ ಒಂದು ಹತ್ತಿತಂದ್ರ ಎಲ್ಲಾ ಹತ್ತತಾವ" ಅಂದ. ತಾಯವ್ವ, "ಮೊದಲ ನಮ್ಮ ಒಲಿ ಹತ್ತಸೂಣು, ಹೊಟ್ಟಿ ಹಸ್ತೈತಿ" ಅಂದಳು.

ಎಪ್ಪತ್ತೈದರಲ್ಲಿ ಬಬಲೇಶ್ವರದ ಶಾಂತಪ್ಪ ಸಾವಕಾರ ಕೆಳಗಿನ ಗೋದಾಮನ್ನು ಹತ್ತಿ ತುಂಬಲು ಹಿಡಿದ. ಹತ್ತಿಗೆ ವಿಮೆ ಇಳಿಸಬೇಕಾದರೆ ಗೋದಾಮಿನಲ್ಲಿ ಸ್ಪ್ರಿಂಕ್ಲರ್ ಇರಲೇಬೇಕು ಎಂದಿತು ವಿಮಾ ಕಂಪನಿ. ಊರಲ್ಲಿ ಆ ಕೆಲಸ ಬಲ್ಲವರು ಯಾರು ಎಂದು ಹುಡುಕಿದರೆ, ಬಲ್ಲವನು ಗೋದಾಮಿನ ನೆತ್ತಿಯ ಮೇಲೆಯೇ ಮಲಗುತ್ತಿದ್ದ.

ಮುಂಬೈಯಿಂದ ಸಾಮಾನು ಬಂತು. ಮಾಳಿಗೆಯ ಮೇಲೆ ಕಬ್ಬಿಣದ ಕಾಲು ನಿಲ್ಲಿಸಿ ನೀರಿನ ಟಾಕಿ ಕೂಡಿಸಿದರು. ಅದಕ್ಕೂ ತಕರಾರು ಎದ್ದಿತು. ಎರಡು ದಿನಕ್ಕೊಮ್ಮೆ ಮುನಸಿಪಾಲ್ಟಿ ನೀರು ಬರುವ ಊರಲ್ಲಿ ಕುಡಿಯುವ ನೀರನ್ನು ತಲೆಯ ಮೇಲೆ ಸುಮ್ಮನೆ ಹೊತ್ತು ನಿಲ್ಲುವುದೇನು ಎಂದು ಬಾಡಿಗೆಯವರ ಕೂಗು. ಶಾಂತಪ್ಪ ಹೊಲದ ಬಾವಿಯಿಂದ ಟ್ರ್ಯಾಕ್ಟರಿನಲ್ಲಿ ನೀರು ತರಿಸಿ ಟಾಕಿ ತುಂಬಿಸಿದ ಮೇಲೆ ಕೂಗು ತಣ್ಣಗಾಯಿತು.

ಹುಬ್ಬಳ್ಳಿಯಿಂದ ವಿಮಾ ಸಾಹೇಬರು ತಪಾಸಣೆಗೆ ಬಂದರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ನಿಯಮಗಳ ಹಾಳೆಗಳು ಕೈಯಲ್ಲಿ. ಗೋದಾಮಿನ ಮೂತಿಗಳನ್ನೆಲ್ಲ ಎಣಿಸಿ ಗುರುತು ಹಾಕಿಕೊಂಡು ಹೊರಗೆ ಬಂದು ತಲೆಯೆತ್ತಿದರು.

"ಈ ಗ್ಯಾಲರಿ ಏನ್ರಿ?"

"ಬಾಡಿಗೆಯವ್ರು ಓಡಾಡೂ ಜಾಗಾರಿ" ಅಂದರು ಹಣಮಂತರಾಯರು.

ಸಾಹೇಬರು ಒಂದು ಹಾಳೆ ತಿರುವಿ, ಓದಿ, ಕನ್ನಡದಲ್ಲಿ ಹೇಳಿದರು. "ಕಟ್ಟಡಕ್ಕ ಹತ್ತಿದ ಕಟ್ಟಿಗಿ ಗ್ಯಾಲರಿ, ಮ್ಯಾಲ ಮಾಡು ಇದ್ದದ್ದು, ನಾಕ ಫೂಟಕ್ಕಿಂತ ಅಗಲ ಇದ್ರ ಅದಕ್ಕೂ ಸ್ಪ್ರಿಂಕ್ಲರ್ ಹಾಕಬೇಕು. ಕಡಿಮಿ ಇದ್ರ ಬ್ಯಾಡ. ಅಳೀರಿ."

ರಾಯರು ಟೇಪು ಹಿಡಿದು ಮೆಟ್ಟಿಲ ಬಳಿಯ ತುದಿಗೆ ಹೋದರು. ಮೂರು ಫೂಟು ಹತ್ತು ಇಂಚು. ಸಾಹೇಬರು ಬರೆದುಕೊಂಡರು, ಚಹಾ ಕುಡಿದು ರೈಲು ಹಿಡಿದರು.

ಅಮೋಘಿ ಅಲ್ಲಿಯೇ ನಿಂತಿದ್ದ. ಕೂಲಿಗೆ ಬಂದ ಮಿಸ್ತ್ರಿ, ಬಾಯಿ ಹಾಕಲಿಲ್ಲ. ಅವರು ಹೋದ ಮೇಲೆ ಟೇಪು ತೆಗೆದುಕೊಂಡು ಗ್ಯಾಲರಿಯ ಆ ತುದಿಯಿಂದ ಈ ತುದಿಗೆ ಅಳೆಯುತ್ತ ಬಂದ. ಹಳೆಯ ಕಟ್ಟಡ, ಗೋಡೆ ನಡುವೆ ಸ್ವಲ್ಪ ಒಳಗೆ ಬಾಗಿತ್ತು. ಆಶಾಬಿಯ ಬಾಗಿಲ ಮುಂದೆ ಟೇಪು ನಾಲ್ಕು ಫೂಟು ಮೂರು ಇಂಚು ತೋರಿಸಿತು.

ಯಂತ್ರದ ಮೇಲಿಂದ ಕಣ್ಣೆತ್ತಿ ಆಶಾಬಿ ಕೇಳಿದಳು. "ಏನ ಅಳ್ಯಾಕತ್ತೀರಿ ಅಮೋಘಿ ಅಣ್ಣಾರ?"

ಅವನು ಇದ್ದದ್ದು ಹೇಳಿದ.

ಅವಳಿಗೆ ನಗು ಬಂತು. "ಅಂದ್ರ ಆ ತುದ್ಯಾಗ ಬೆಂಕಿ ಹತ್ತೂದಿಲ್ಲ, ಇಲ್ಲಿ ಹತ್ತತೈತಿ ಅನ್ರಿ! ಬೆಂಕಿ ಏನ ಟೇಪ ಹಿಡಕೊಂಡ ಬರತೈತೇನು?"

ಆ ಮಾತು ಅವನ ತಲೆಯಲ್ಲಿ ಕೂತಿತು. ಮರುದಿನವೇ ರಾಯರ ಬಳಿ ಹೋಗಿ ಜಗಳ ತೆಗೆಯಬಹುದಿತ್ತು. ಆದರೆ ಅವನಿಗೆ ಅದಕ್ಕೂ ಮೊದಲಿನ ಒಂದು ಪ್ರಶ್ನೆ ಎದ್ದಿತ್ತು. ಗಿರಣಿಯ ಖಾತೆಗೆ ನಾಲ್ಕೂ ಕಡೆ ಗೋಡೆ. ಕಾವು ಮೇಲೇರಿ ಮಾಡಿನ ಕೆಳಗೆ ಮಡುಗಟ್ಟುತ್ತದೆ, ಬೆಸುಗೆ ಕರಗುತ್ತದೆ. ಗ್ಯಾಲರಿ ಒಂದು ಮಗ್ಗುಲು ಪೂರಾ ಬಯಲು. ಗಾಳಿ ಬೀಸಿ ಕಾವನ್ನು ಆಚೆ ಒಯ್ದರೆ ಮಳಿನಳಕ್ಕೆ ಬೆಂಕಿ ಹತ್ತಿದ್ದು ತಿಳಿಯುವುದಾದರೂ ಹೇಗೆ? ಇನ್ನೊಂದು ಕಡೆ, ವಿಜಾಪುರದ ಬೇಸಿಗೆ. ಏಪ್ರಿಲ್ ಬಿಸಿಲಿಗೆ ತಗಡು ಕಾದು, ಬೆಂಕಿಯೇ ಇಲ್ಲದೆ ಬೆಸುಗೆ ಕರಗಿ, ಆಶಾಬಿಯ ಮದುವೆ ಅರಿವೆಗಳ ಮೇಲೆ ನೀರು ಸುರಿದರೆ? ಕೆಲಸ ಮಾಡದ ವಸ್ತುವನ್ನು ಕೂಡಿಸಿರೆಂದು ಯಾರಿಗಾದರೂ ಯಾವ ಮುಖದಿಂದ ಹೇಳುವುದು?

ಸಾರವಾಡದ ಸಾಲೆಯಲ್ಲಿ ವಿಜ್ಞಾನ ಕಲಿಸುವ ಯಲಗೂರಪ್ಪ ಮಾಸ್ತರ ಮನೆಗೆ ಅವನು ಹಿಂದೊಮ್ಮೆ ನಳ ಕೂಡಿಸಿದ್ದ. ಅವರ ಬಳಿ ಹೋಗಿ ಕಾವು ಅಳೆಯುವ ಗಾಜಿನ ಕೊಳವೆ ಬೇಡಿದ.

"ಜ್ವರಾ ಬಂದೈತೇನೋ?"

"ನಮ್ಮ ಗ್ಯಾಲರಿಗೆ ಬಂದೈತ್ರಿ ಮಾಸ್ತರ. ಬ್ಯಾಸಗಿ ತನಕಾ ಕೊಡ್ರಿ."

ಮಾಸ್ತರು ಸಾಲೆಯ ಕಪಾಟಿನಿಂದ ಉದ್ದನೆಯ ಥರ್ಮಾಮೀಟರ್ ತೆಗೆದು, ಒಡೆದರೆ ತನ್ನ ನೌಕರಿ ಹೋದೀತೆಂದು ಮೂರು ಸಲ ಹೇಳಿ, ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಎಪ್ಪತ್ತಾರರ ಮಾರ್ಚದಿಂದ ಮೇ ತನಕ ಅದು ಗ್ಯಾಲರಿಯ ತಗಡಿನ ಕೆಳಗೆ ತೂಗಾಡಿತು. ಅಮೋಘಿ ಊರಲ್ಲಿ ಎಲ್ಲಿಯೇ ಕೆಲಸದಲ್ಲಿರಲಿ, ಮಧ್ಯಾಹ್ನ ಎರಡಕ್ಕೆ ಸೈಕಲ್ ಹೊಡೆದುಕೊಂಡು ಬಂದು, ಪೆಟ್ಟಿಗೆಯ ಮೇಲೆ ಹತ್ತಿ ಓದಿ, ಬಾಗಿಲ ಹಿಂದೆ ಸೀಸದಕಡ್ಡಿಯಿಂದ ಬರೆಯುತ್ತಿದ್ದ. ಬರಲಾಗದ ದಿನ ಆಶಾಬಿ ಓದುತ್ತಿದ್ದಳು. ಉರ್ದು ಸಾಲೆಯಲ್ಲಿ ನಾಲ್ಕನೆಯ ತರಗತಿ ತನಕ ಕಲಿತವಳು, ಅಂಕಿ ಬಲ್ಲವಳು. ಹೊರಗೆ ನಲವತ್ತೊಂದು ಡಿಗ್ರಿ ಇದ್ದ ದಿನ ತಗಡಿನ ಕೆಳಗೆ ಐವತ್ತೇಳು. ಒಮ್ಮೆ ತಾಯವ್ವ ರೊಟ್ಟಿ ಮಾಡುವಾಗ ಒಲೆಯ ನೇರಕ್ಕೆ ಹಿಡಿದರೆ ಪಾದರಸ ಎಪ್ಪತ್ತನ್ನು ದಾಟಿತು.

ಅಮೋಘಿ ಪೆಟ್ಟಿಗೆಯ ಮೇಲೆಯೇ ಕುಕ್ಕರಿಸಿಬಿಟ್ಟ. ಗೋದಾಮಿನ ಮಳಿನಳಗಳು ಅರವತ್ತೆಂಟಕ್ಕೆ ತೆರೆಯುವಂಥವು. ಅವನ್ನೇ ಇಲ್ಲಿ ಹಾಕಿದ್ದರೆ ಹೆಂಡತಿಯ ರೊಟ್ಟಿಗೆ ಮಳೆ ಬರುತ್ತಿತ್ತು.

"ಅಂದ್ರ ಆಗೂದಿಲ್ಲ ಅಂದಂಗಾತು" ಅಂದಳು ತಾಯವ್ವ.

"ತಡಿಯೇ. ಗಿರಣ್ಯಾಗ ನೂಲು ಒಣಗಿಸೂ ಖೋಲಿ ಇತ್ತು. ಅಲ್ಲಿ ಯಾವಾಗ ಹೋದ್ರೂ ಬೆವರ ಸುರೀತಿತ್ತು. ಅಲ್ಲೂ ಮಳಿನಳ ಇದ್ದವು. ಅವು ಯಾಕ ಒಡೀಲಿಲ್ಲ? ಅವಕ್ಕ ಬಿಳಿ ಬಣ್ಣಾ ಬಡದಿದ್ರು. ನಾ ಅದನ್ನ ಬರೇ ಚೆಂದಕ್ಕ ಅಂದಕೊಂಡಿದ್ದೆ."

ಎರಡೇ ದಿನಕ್ಕೆ ಸೊಲ್ಲಾಪುರದ ಗಾಡಿ ಹತ್ತಿದ. ಭಾಗಪ್ಪ ಮುದುಕನಾಗಿದ್ದ, ಬಾಗಿಲಲ್ಲಿ ಶಿಷ್ಯನನ್ನು ಕಂಡು ಅವನಿಗೆ ಖುಷಿಯಾಯಿತು. ಪ್ರಶ್ನೆ ಕೇಳಿ ಗಹಗಹಿಸಿದ.

"ಹತ್ತ ವರ್ಷ ನನ್ನ ಕೈಯಾಗ ಇದ್ದು ಇದನ್ನ ಕೇಳಲಿಲ್ಲಲ್ಲೋ ಹುಚ್ಚಪ್ಪಾ! ಬಿಳೀದು ಅಂದ್ರ ಹೆಚ್ಚಿನ ಕಾವಿಂದು. ತೊಂಬತ್ತರ ಮ್ಯಾಲ ಹೋಗೂ ತನಕಾ ಜಪ್ಪಯ್ಯ ಅನ್ನೂದಿಲ್ಲ. ಖೋಲಿ ಎಷ್ಟ ಬಿಸಿ ಇರತೈತಿ ನೋಡಿ ಬಣ್ಣಾ ಆರಿಸಬೇಕು."

"ಬಯಲಾಗ ಕೂಡಿಸಿದ್ರ?"

ಭಾಗಪ್ಪ ಗಡ್ಡ ಕೆರೆದ. "ಅದು ನನಗ ಗೊತ್ತಿಲ್ಲಪಾ. ನೀನ ಹತ್ತಿಸಿ ನೋಡು."

ಹೊರಡುವಾಗ ಗಿರಣಿಯಿಂದ ಕಳಚಿದ, ಇನ್ನೂ ಒಡೆಯದ ಎರಡು ಬಿಳಿಯವನ್ನು ಟ್ರಂಕಿನಿಂದ ತೆಗೆದು ಅರಿವೆಯಲ್ಲಿ ಕಟ್ಟಿಕೊಟ್ಟ.

ಇಟ್ಟಂಗಿಹಾಳದಲ್ಲಿ ಅಪ್ಪನ ಕುರಿದೊಡ್ಡಿಯ ಪಕ್ಕ ಅಮೋಘಿ ಒಂದು ಸುಳ್ಳು ಗ್ಯಾಲರಿ ಕಟ್ಟಿದ. ನಾಲ್ಕು ಗೂಟ, ಹಳೆಯ ಹಲಗೆ, ಮೇಲೆ ತಗಡು, ಹಿಂದೆ ಮಣ್ಣಿನ ಗೋಡೆ. ಬೇವಿನ ಮರದ ಮೇಲೆ ಅಟ್ಟ ಕಟ್ಟಿ, ಮಾಳಿಗೆಯ ಟಾಕಿ ಗ್ಯಾಲರಿಗಿಂತ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಒಂದು ಬ್ಯಾರಲ್ ಏರಿಸಿದ. ಅಲ್ಲಿಂದ ಪೈಪು ಇಳಿಸಿ ಬಿಳಿಯ ಮಳಿನಳವನ್ನು ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಕೂಡಿಸಿದ. ಸುದ್ದಿ ಹಬ್ಬಿ ಅರ್ಧ ಊರು ನೆರೆಯಿತು. ಆಶಾಬಿಯೂ ತಾಯವ್ವನ ಸಂಗಡ ಬಸ್ಸು ಹತ್ತಿ ಬಂದಿದ್ದಳು.

ಹತ್ತಿ ಕಟ್ಟಿಗೆಯ ಹೊರೆಗೆ ಬೆಂಕಿ ಇಟ್ಟರು. ಪಡುವಣ ಗಾಳಿ ಬೀಸುತ್ತಿತ್ತು. ಉರಿ ಹೊರಗೆ ವಾಲಿ ತಗಡಿನ ಅಂಚನ್ನು ನೆಕ್ಕಿತು. ಅಮೋಘಿ ಮಳಿನಳವನ್ನೇ ನೋಡುತ್ತಿದ್ದ. ಏನೂ ಆಗಲಿಲ್ಲ. ಹಲಗೆ ಹತ್ತಿತು, ಗೂಟ ಹತ್ತಿತು. ಕಡೆಗೆ ಜನರೇ ಕೊಡದಿಂದ ನೀರು ಸುರಿದು ಆರಿಸಿದರು. ಅಪ್ಪ ಮಗನ ಕಡೆ ನೋಡಿ, "ಸೊಲ್ಲಾಪುರದಾಗ ಇದನ್ನ ಕಲತು ಬಂದೀ?" ಅಂದ. ಜನ ನಕ್ಕರು.

ಆಶಾಬಿ ನಗಲಿಲ್ಲ. ಅವಳು ತಗಡಿನ ಕೆಳಗೆ ಹೋಗಿ ಮಸಿಯ ಗುರುತು ನೋಡುತ್ತಿದ್ದಳು. "ಅಣ್ಣಾರ, ಇಲ್ಲಿ ನೋಡ್ರಿ. ಮಸಿ ತಗಡಿಗಿ ಹತ್ತಿಕೊಂಡ ಹೊರಗ ಹರದೈತಿ. ನೀವು ನಳಾ ಒಂದ ಗೇಣ ಕೆಳಗ ಇಟ್ಟೀರಿ. ಮತ್ತ ಅಂಚಿನಾಗ ತಡಿಯಾಕ ಏನೂ ಇಲ್ಲ. ಅರಿವಿಗಿ ಮಡಚಿ ಪಟ್ಟಿ ಹೊಲೀತೀವಲ್ರಿ, ಹಂಗ ತಗಡಿಗೂ ಒಂದ ಪಟ್ಟಿ ಇಳಿಬಿಟ್ರ?"

ಅಮೋಘಿ ಅವಳನ್ನು ನೋಡಿದ, ತಗಡನ್ನು ನೋಡಿದ. ಅವತ್ತೇ ಸುಟ್ಟದ್ದನ್ನು ಕಿತ್ತು ಮತ್ತೆ ಕಟ್ಟಿದ. ತಗಡಿನ ಅಂಚಿಗೆ ಒಂದು ಗೇಣಿನ ತಗಡಿನ ಪಟ್ಟಿ ಇಳಿಬಿಟ್ಟ. ಮಳಿನಳವನ್ನು ತಗಡಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಏರಿಸಿದ. ವಾರ ಬಿಟ್ಟು ಮತ್ತೆ ಹತ್ತಿಸಿದರು. ಈ ಸಲ ಹೊಗೆ ಪಟ್ಟಿಗೆ ಬಡಿದು ತಿರುಗಿ ಒಳಗೆ ಸುತ್ತಿತು. ಅಮೋಘಿ ಅದರ ನೇರಕ್ಕೆ ನಿಂತ. ತೆರೆಯುವ ಗಳಿಗೆಯನ್ನು ಈ ಸಲ ನೋಡಲೇಬೇಕು. ಅಷ್ಟರಲ್ಲಿ ಹೊಗೆ ಕಣ್ಣಿಗೆ ಹೊಕ್ಕು ಅವನು ಕಣ್ಣು ತಿಕ್ಕಿಕೊಂಡ. ತಿಕ್ಕಿ ತೆರೆಯುವಷ್ಟರಲ್ಲಿ ನೀರು ಸುರಿಯುತ್ತಿತ್ತು, ಜನ ಹೋ ಎಂದು ಕೂಗುತ್ತಿದ್ದರು, ಬೆಂಕಿ ಚುಂಯ್‌ಗುಡುತ್ತ ಕುಸಿಯುತ್ತಿತ್ತು. ಅವನು ಮಾತ್ರ, "ಛೇ, ಮತ್ತ ತಪ್ಪತು!" ಎಂದು ತೊಡೆ ಬಡಿದುಕೊಂಡ.

ಗ್ಯಾಲರಿಯ ಲೆಕ್ಕಕ್ಕೆ ಇಟ್ಟ ಬ್ಯಾರಲ್ಲಿನ ಎತ್ತರ ಗೋದಾಮಿನದಕ್ಕಿಂತ ಕಡಿಮೆಯಾದ್ದರಿಂದ ಮಳೆ ಅಗಲಕ್ಕೆ ಹರಡಲಿಲ್ಲ ಎಂಬುದನ್ನೂ ಅವನು ಗಮನಿಸಿದ. ಗೋದಾಮಿನಲ್ಲಿ ಹತ್ತು ಅಡಿಗೊಂದು ಸಾಕು. ಗ್ಯಾಲರಿಯಲ್ಲಿ ಏಳು ಅಡಿಗೊಂದು ಬೇಕು. ನೆಲ ಒಣಗಿದ್ದ ಕಡೆ ತೊಯ್ದ ಕಡೆ ಕೋಲಿನಿಂದ ಗೆರೆ ಎಳೆದು ಹೆಜ್ಜೆ ಹಾಕಿ ಅಳೆದ.

ಆ ವರ್ಷದ ತಪಾಸಣೆಗೆ ವಿಮಾ ಸಾಹೇಬರು ಬಂದಾಗ ಅಮೋಘಿ ಅವರಿಗೆ ಕೈಮುಗಿದು, ಟೇಪು ಕೈಗೆ ಕೊಟ್ಟು, ಆಶಾಬಿಯ ಬಾಗಿಲ ಮುಂದೆ ನಿಲ್ಲಿಸಿದ.

"ಇಲ್ಲಿ ಒಂದ ಸಲ ಹಿಡೀರಿ ಸಾಹೇಬ್ರ."

ನಾಲ್ಕು ಫೂಟು ಮೂರು ಇಂಚು. ಹಣಮಂತರಾಯರು ನಡುವೆ ಬಂದರು. "ಅದು ಗ್ವಾಡಿ ಬಾಗಿದ್ದಕ್ಕ ಹಂಗ ಕಾಣತೈತ್ರಿ. ಮೂಲ ಅಳತಿ ಮೂರ ಹತ್ತು."

ಅಮೋಘಿ ಬಾಗಿಲ ಹಿಂದಿನ ಮೂರು ತಿಂಗಳ ಅಂಕಿಗಳನ್ನು ತೋರಿಸಿದ. ಇಟ್ಟಂಗಿಹಾಳದ ಎರಡೂ ಬೆಂಕಿಯ ಕಥೆ ಹೇಳಿದ. ಮೊದಲನೆಯದು ಕೆಟ್ಟದ್ದನ್ನು ಮುಚ್ಚಿಡಲಿಲ್ಲ. ಸಾಹೇಬರು ಕನ್ನಡಕ ತೆಗೆದು ಆ ಸೀಸದಕಡ್ಡಿಯ ಅಕ್ಷರಗಳನ್ನು ಹತ್ತಿರದಿಂದ ಓದಿದರು.

"ಇದನ್ನ ಯಾರ ಮಾಡಂದ್ರು ನಿಮಗ?"

"ಯಾರೂ ಅಂದಿಲ್ರಿ. ತಿಳೀಲಿಲ್ಲ, ಅದಕ್ಕ ನೋಡಿದ್ನಿ."

ಪಕ್ಕದಲ್ಲಿದ್ದ ಶಾಂತಪ್ಪ ಸಾವಕಾರ ಬಾಯಿ ಹಾಕಿದ. "ರಾಯರ, ನನ್ನ ಹತ್ತಿ ಮ್ಯಾಲ ಆರು ಒಲಿ ಉರ್ಯಾಕತ್ತಾವ. ಗೋದಾಮಿನಾಗ ಮಳಿ ಬಂದ ಏನ ಉಪಯೋಗ, ಬೆಂಕಿ ಮ್ಯಾಲಿಂದ ಇಳದ್ರ? ಹಾಕಸ್ರಿ. ಇಲ್ಲಾಂದ್ರ ನಾ ಬ್ಯಾರೆ ಜಾಗಾ ನೋಡತೇನಿ."

ಸಾಹೇಬರು ಹಾಳೆಯ ಮೇಲೆ 'ಅಗಲವಾದ ಕಡೆ ನಾಲ್ಕು ಫೂಟು ಮೂರು ಇಂಚು' ಎಂದು ಬರೆದು ಕೆಳಗೆ ಗೆರೆ ಎಳೆದರು. ದೀಪಾವಳಿಗೆ ಮುಂಚೆ ಗ್ಯಾಲರಿಯ ಉದ್ದಕ್ಕೂ ಬಿಳಿಯ ಮಳಿನಳಗಳು ಬಂದವು, ತಗಡಿನ ಅಂಚಿಗೆ ಪಟ್ಟಿ ಬಂತು. ನೀರು ಬಂದ್ ಮಾಡುವ ಚಕ್ರ ಯಾವುದು, ಯಾವ ಕಡೆ ತಿರುವಬೇಕು ಎಂದು ಅಮೋಘಿ ಆರೂ ಮನೆಯ ಹೆಂಗಸರಿಗೆ ತೋರಿಸಿ, ಒಬ್ಬೊಬ್ಬರಿಂದಲೂ ತಿರುವಿಸಿ ನೋಡಿದ. ಬೆಂಕಿ ಪೂರ್ತಿ ಆರುವ ತನಕ ಅದನ್ನು ಮುಟ್ಟಬಾರದು ಎಂದು ಎಚ್ಚರಿಸಿದ.

ಎಪ್ಪತ್ತೆಂಟರ ಫೆಬ್ರುವರಿಯಲ್ಲಿ ಒಂದು ದಿನ ಅಮೋಘಿ ಟಿಕೋಟಾದಲ್ಲಿ ಒಂದು ಬಾವಿಯ ಪಂಪು ಕಿತ್ತು ಬಿಚ್ಚುತ್ತಿದ್ದ. ಸಂಜೆಗೆ ಬಸ್ಸಿಳಿದು ಮನೆಯ ಕಡೆ ತಿರುಗಿದರೆ ಕಟ್ಟಡದ ಮುಂದೆ ಜನ. ಗ್ಯಾಲರಿಯಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಎರಡು ಎರಡು ಮೆಟ್ಟಿಲು ಹಾರಿ ಮೇಲೆ ಬಂದ. ತಾಯವ್ವ ಕಸಬರಿಗೆ ಹಿಡಿದು ಕಪ್ಪು ನೀರು ಬಳಿಯುತ್ತಿದ್ದಳು.

"ಯಾರಿಗರೆ ಏನರೆ ಆಗೈತೇನ?"

"ಯಾರಿಗೂ ಏನೂ ಆಗಿಲ್ಲ."

ಎರಡನೆಯ ಮನೆಯ ಹುಚ್ಚವ್ವನ ಸ್ಟೋ. ಎಪ್ಪತ್ತು ದಾಟಿದ ಮುದುಕಿ, ಕಣ್ಣು ಮಂಜು. ಮಗಳು ಕೂಲಿಗೆ ಹೋದ ಮೇಲೆ ಒಬ್ಬಳೇ. ಸಂಜೆ ನಾಲ್ಕರ ಹೊತ್ತಿಗೆ ಸ್ಟೋ ಆರಿತೆಂದು, ಬಿಸಿಯಿದ್ದಾಗಲೇ ಚಿಮಣಿ ಎಣ್ಣೆ ಸುರಿದಿದ್ದಳು. ಭಗ್ ಎಂದ ಉರಿ ಮೇಲಿನ ಕೌದಿಗೆ ಏರಿ, ಅಲ್ಲಿಂದ ಮಾಡಿನ ತೊಲೆಗೆ ಕೈ ಚಾಚಿತ್ತು. ನೆತ್ತಿಯ ಮೇಲಿನ ಒಂದೇ ಮಳಿನಳ ಒಡೆದಿತ್ತು. ಅರ್ಧ ಸುಟ್ಟ ಕೌದಿ, ಕಪ್ಪಾದ ಒಂದು ತೊಲೆ, ಅಷ್ಟೇ ಲುಕ್ಸಾನು. ಆಶಾಬಿ ಮುದುಕಿಯನ್ನು ಈಚೆಗೆ ಎಳೆದುಕೊಂಡಿದ್ದಳು. ಬೆಂಕಿ ಆರಿದ್ದನ್ನು ನೋಡಿಯೇ ತಾಯವ್ವ ಚಕ್ರ ತಿರುವಿದ್ದಳು. ಕೆಳಗೆ ಶಾಂತಪ್ಪನ ಹತ್ತಿಗೆ ಒಂದು ಕಿಡಿ ಬಿದ್ದಿರಲಿಲ್ಲ.

ಜನ ಅಮೋಘಿಯ ಬೆನ್ನು ತಟ್ಟಿದರು. ಹಣಮಂತರಾಯರು ಎಲ್ಲರೆದುರು, "ನಾನ ಹಾಕಸಿದ್ದು" ಅಂದರು. ಅಮೋಘಿಯ ಕಿವಿಗೆ ಯಾವುದೂ ಬೀಳಲಿಲ್ಲ. ಅವನು ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತಿದ್ದ. ಉರಿ ತಗಡಿಗೆ ಮುಟ್ಟಿ ಎಷ್ಟು ಹೊತ್ತಿಗೆ ಒಡೆಯಿತು? ಗಾಳಿ ಇತ್ತೋ? ಎಲೆಗಳು ಕೂಡಿಯೇ ಬಿದ್ದವೋ, ಒಂದಾದ ಮೇಲೊಂದೋ?

"ಕಣ್ ಮುಚ್ಚಿ ತೆರೆಯೂದ್ರಾಗ" ಅಂದಳು ತಾಯವ್ವ.

"ಇಲ್ರಿ, ಒಂದ ಕಾಜಾ ಹೊಲಿಯೂವಷ್ಟ ಹೊತ್ತಾಗಿತ್ತು" ಅಂದಳು ಆಶಾಬಿ.

ಕೆಳಗಿನ ಹಮಾಲ ಬೀಡಿ ಅರ್ಧ ಮುಗಿದಿತ್ತು ಅಂದ. ಒಬ್ಬಳು ಗುಡುಗಿನಂಥ ಸಪ್ಪಳ ಬಂತು ಅಂದರೆ ಇನ್ನೊಬ್ಬಳು ಸಪ್ಪಳವೇ ಇಲ್ಲ ಅಂದಳು. ಅಮೋಘಿಗೆ ಅಳು ಬರುವಂತಾಯಿತು.

ಮರುದಿನ ಖಾಲಿಯಾದಷ್ಟು ನೀರನ್ನು ಟಾಕಿಗೆ ತುಂಬಬೇಕಿತ್ತು. ಯಾರೂ ಹೇಳದೆಯೇ ಆರೂ ಮನೆಯವರು ಕೊಡ ಹಿಡಿದು ಮೆಟ್ಟಿಲಲ್ಲಿ ಸಾಲು ನಿಂತರು. ಹುಚ್ಚವ್ವ ಮಾತ್ರ ಬರಲಿಲ್ಲ. ನಾಲ್ಕು ದಿನವಾದರೂ ಅವಳು ಹೊಸ್ತಿಲು ದಾಟಲಿಲ್ಲ, ಸ್ಟೋ ಹಚ್ಚಲಿಲ್ಲ. ಮಗಳು ಬೆಳಗ್ಗೆ ಇಟ್ಟುಹೋದ ರೊಟ್ಟಿಯೂ ಹಾಗೆಯೇ ಇರುತ್ತಿತ್ತು. ಮುದುಕಿ ಎಲ್ಲರನ್ನೂ ಸುಡುತ್ತಿದ್ದಳು ಎಂಬ ಮಾತು ಗ್ಯಾಲರಿಯಲ್ಲಿ ಅವಳಿಗೆ ಕೇಳುವಂತೆಯೇ ಆಗಿತ್ತು.

ಐದನೆಯ ದಿನ ಅಮೋಘಿ ಅವಳ ಬಾಗಿಲಲ್ಲಿ ಕೂತ.

"ಯವ್ವಾ, ಒಂದ ಮಾತ ಕೇಳಬೇಕಿತ್ತಬೇ."

"ಕೇಳಪಾ. ಎಲ್ಲಾರೂ ಕೇಳ್ಯಾರ. ಹೌದು, ನಾನ ಹಚ್ಚಿದ್ದು. ಕಣ್ಣ ಕಾಣಲಿಲ್ಲ."

"ಅದನ್ನ ಕೇಳಾಕ ಬಂದಿಲ್ಲಬೇ. ನೀ ಅದರ ಕೆಳಗ ಇದ್ದಿ. ಅದು ಒಡಿಯೂ ಮುಂದ ಏನಾತು? ನಾ ಹದಿನೈದ ವರ್ಷದಿಂದ ಇದನ್ನ ಒಂದ ಸಲ ನೋಡಬೇಕಂತೇನಿ. ಮೂರ ಸಲಾನೂ ತಪ್ಪಿಸಿಕೊಂಡೇನಿ. ನಿನಗಿಂತ ಹತ್ತರ ಯಾರೂ ಇದ್ದಿಲ್ಲ."

ಹುಚ್ಚವ್ವ ಮುಖ ಅವನ ಕಡೆ ತಿರುಗಿಸಿದಳು. ಬಯ್ಯಲು ಬಂದವನಲ್ಲ ಎಂದು ಅವನ ದನಿಯಿಂದಲೇ ತಿಳಿಯಿತೋ ಏನೋ, ಬಾಯಿ ತೆರೆದಳು.

"ಕಾಣಲಿಲ್ಲಪಾ. ಕೇಳಿಸಿತು. ಮೊದಲ ಕೌದಿ ಚಟಚಟ ಅಂತು. ಮುಖಕ್ಕ ಝಳ ಬಡೀತು. ಆ ಮ್ಯಾಲ ನೆತ್ತಿ ಮ್ಯಾಲ ಟಿಕ್ ಅಂತು, ಬಳಿ ಒಡದಂಗ. ಒಂದ ಸಲ, ಅದರ ಬೆನ್ನಿಗೆ ಇನ್ನೊಂದ ಸಲ. ಏನೋ ಸಣ್ಣದು ಬಂದು ನನ್ನ ಸೆರಗಿನಾಗ ಬಿತ್ತು. ಆಮ್ಯಾಲ ಪೈಪು ಕೆಮ್ಮಿತು, ಮುದುಕರು ಕೆಮ್ಮತಾರ ನೋಡು, ಹಂಗ. ಗಬ್ಬ ವಾಸನಿ ನೀರು ಮೊದಲ ಬಂತು. ಆಮ್ಯಾಲ ತಣ್ಣಗ, ಚೊಲೊ ನೀರು. ನನಗ ಅಂಜಿಕಿ ಹೋತು. ಅಲ್ಲೇ ನಿಲ್ಲಬೇಕನ್ನಸ್ತು. ಆಶಾಬಿ ಎಳಕೊಂಡ ಹೋದಳು."

"ಎರಡ ಸಲ ಟಿಕ್ ಅಂತು?"

"ಎರಡ ಸಲ."

"ಅಂದ್ರ ಎಲಿ ಕೂಡೇ ಬೀಳೂದಿಲ್ಲ" ಎಂದು ಅಮೋಘಿ ತನ್ನಷ್ಟಕ್ಕೆ ಅಂದುಕೊಂಡ. ಮತ್ತೆ ಕೇಳಿದ. ಎರಡರ ನಡುವೆ ಎಷ್ಟು ಹೊತ್ತು? ಹುಚ್ಚವ್ವ ಬೆರಳಿನಿಂದ ನೆಲದ ಮೇಲೆ ಬಡಿದು ತೋರಿಸಿದಳು. ಅವನು ಮತ್ತೊಮ್ಮೆ ಬಡಿಸಿಕೊಂಡ. ಅವಳು ಬೇಸರವಿಲ್ಲದೆ ಬಡಿದಳು. ಆಮೇಲೆ ಗೋಡೆಯ ಗೂಡಿನಲ್ಲಿ ಕೈಯಾಡಿಸಿ, ಸೆರಗಿಗೆ ಬಿದ್ದಿದ್ದ ಲೋಹದ ಸಣ್ಣ ಎಲೆಯನ್ನು ಹುಡುಕಿ ಅವನ ಅಂಗೈಗೆ ಇಟ್ಟಳು. ಅಂಚಿನಲ್ಲಿ ಬೆಸುಗೆ ಹನಿಗಟ್ಟಿ ನಿಂತಿತ್ತು.

"ಇದಕ್ಕ ಬೆಂಕಿ ಹತ್ತಿದ್ದು ಹ್ಯಾಂಗ ಗೊತ್ತಾಗತೈತೋ ಅಮೋಘಿ?" ಎಂದು ಈಗ ಅವಳು ಕೇಳಿದಳು.

ಅವನು ಅವಳ ಬೆರಳು ಹಿಡಿದು ಎಲೆಯ ಅಂಚಿನ ಹನಿಯ ಮೇಲೆ ಆಡಿಸುತ್ತ ಮೊದಲಿನಿಂದ ಹೇಳತೊಡಗಿದ. ಗಿರಣಿ, ಹತ್ತಿ, ಚಹಾದ ಪಾತೇಲಿ. ಪಾತೇಲಿಯ ಮಾತಿಗೆ ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಗುವ ಸಪ್ಪಳ ಕೇಳಿ ಆಶಾಬಿ ಯಂತ್ರ ನಿಲ್ಲಿಸಿ ಬಂದು ಕೂತಳು, ತಾಯವ್ವನೂ ಬಂದಳು.

ಎಲ್ಲ ಕೇಳಿಸಿಕೊಂಡು ಹುಚ್ಚವ್ವ ಅಂದಳು. "ಒಡದದ್ದರ ಜಾಗಾದಾಗ ಹೊಸಾದ ಹಾಕೀ ಇಲ್ಲೋ?"

"ಹಾಕೇನಬೇ. ಮೂರ ದಿನಾ ಆತು."

"ಹಂಗಾದ್ರ ಸ್ಟೋ ಹಚ್ಚಿಕೊಡ ತಾಯವ್ವಾ" ಎಂದು ಅವಳು ಗೋಡೆ ಹಿಡಿದು ಎದ್ದಳು. "ಇಷ್ಟ ಮಾತಾಡಿಸ್ಯಾನ, ಅಂವಗ ಒಂದ ಕಪ್ಪ ಚಹಾ ಮಾಡಬೇಕು."